ಒದ್ದೆ ರಟ್ಟಿನ ವಾಸನೆಯ ಫ್ರೆಂಚ್ ಬಾಟಲಿ

ಕಳೆದ ವಾರ ನಮ್ಮ ಕಾಲೇಜಿನ ಸ್ಟೋರ್ ರೂಮಿನ ಬೀಗ ತೆಗೆಸಿದೆವು. ಮಳೆಗಾಲದಲ್ಲಿ ಚಾವಣಿ ಸೋರಿ, ಹಳೆಯ ಉತ್ತರಪತ್ರಿಕೆ ತುಂಬಿಟ್ಟಿದ್ದ ರಟ್ಟಿನ ಡಬ್ಬಗಳೆಲ್ಲ ನೆನೆದು, ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಬೂಷ್ಟು ಹಿಡಿದು ಕೂತಿದ್ದವು. ಬಾಗಿಲು ತೆರೆದದ್ದೇ ತಡ, ಕನ್ನಡದ ಮೇಷ್ಟ್ರು ಕರವಸ್ತ್ರವನ್ನು ಮೂಗಿಗೊತ್ತಿಕೊಂಡು ಹಿಂದೆ ಸರಿದರು. ಅಟೆಂಡರ್ ರತ್ನಮ್ಮ ಥೂ ಎಂದು ಉಗಿದರು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ.

“ಏನ್ ಮೇಡಂ, ಈ ನಾತಕ್ಕೆ ನಗ್ತೀರಲ್ಲ?” ಎಂದರು ರತ್ನಮ್ಮ.

ಇದೇ ವಾಸನೆಯನ್ನು ಉದ್ದ ಕಾಲಿನ ಗಾಜಿನ ಲೋಟಕ್ಕೆ ಸುರಿದುಕೊಂಡು, ಕಣ್ಣು ಮುಚ್ಚಿ, ಆಹಾ ಎಂದು ತಲೆದೂಗಿದ ಜನರನ್ನು ನಾನು ಕಂಡಿದ್ದೇನೆ. ಅದನ್ನು ಅವರಿಗೆ ಹೇಗೆ ಹೇಳುವುದು? ಏನೋ ನೆನಪಾಯ್ತು ಎಂದಷ್ಟೇ ಹೇಳಿ ಸ್ಟಾಫ್ ರೂಮಿಗೆ ಬಂದು ಕೂತೆ. ಆ ಜನರನ್ನು ಕಂಡ ವರ್ಷದ ದ್ರಾಕ್ಷಿಯ ಕಾಲ ಪೂರ್ತಿಯಾಗಿ ಎದುರಿಗೆ ಬಂದು ನಿಂತಿತು.

ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಈಗ ಇದೇ ಊರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತೇನೆ. ವೈನ್ ನನಗೆ ಬಂದದ್ದು ಮದುವೆಯ ಜೊತೆಗೆ. ನನ್ನ ಗಂಡ ಮುರಳಿ ವಿಮಾನ ನಿಲ್ದಾಣದ ರಸ್ತೆಯ ದೊಡ್ಡ ಹೋಟೆಲೊಂದರಲ್ಲಿ ಪಾನೀಯ ವಿಭಾಗದ ಮ್ಯಾನೇಜರ್ ಆಗಿದ್ದರು. ಯಾವ ವೈನ್ ತರಿಸಬೇಕು, ಯಾವುದನ್ನು ವಾಪಸ್ ಕಳಿಸಬೇಕು ಎನ್ನುವುದೆಲ್ಲ ಅವರ ಮೂಗು ಹೇಳಿದಂತೆ ನಡೆಯುತ್ತಿತ್ತು. ವ್ಯಾಪಾರಿಗಳು ಕೊಟ್ಟ ಸ್ಯಾಂಪಲ್ ಬಾಟಲಿಗಳಲ್ಲಿ ಉಳಿದದ್ದು ಭಾನುವಾರ ನಮ್ಮ ಮನೆಗೆ ಬರುತ್ತಿತ್ತು. ಗಾಜಿನ ಲೋಟದಲ್ಲಿ ಕೊಟ್ಟರೆ ಬಣ್ಣ ನೋಡಿ ಹೇಳಿಬಿಡುತ್ತಾರೆಂದು ನಾನು ಅವರಿಗೆ ಸ್ಟೀಲ್ ಲೋಟದಲ್ಲಿ ಹಾಕಿ ಕೊಡುತ್ತಿದ್ದೆ. ಅವರು ಮೂಸಿ, ಯಾವ ದ್ರಾಕ್ಷಿ, ಯಾವ ದೇಶ ಎಂದು ಹೇಳುತ್ತಿದ್ದರು. ತಪ್ಪಿದ್ದು ಅಪರೂಪ. ಹೀಗೆ ಆಟದಲ್ಲೇ ನಾನೂ ಕಲಿತೆ. ಆಮ್ಲ, ಎಸ್ಟರು, ಗಂಧಕ ಎಂದು ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುವುದೆಲ್ಲ ಲೋಟದೊಳಗೆ ಸಿಗುತ್ತಿತ್ತು.

ವೈನಿನ ವಿಷಯದಲ್ಲಿ ನನಗೆ ದಾಕ್ಷಿಣ್ಯವಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿ, ಪೋರ್ಟ್ ಎಂದು ಹೆಸರಿಟ್ಟು ಮಾರುವ ಸಿಹಿ ಕಷಾಯವನ್ನು ನಾನು ವೈನ್ ಎಂದು ಕರೆಯುವುದೇ ಇಲ್ಲ. ಕೆಮ್ಮಿನ ಸಿರಪ್ಪಿಗೆ ಸಕ್ಕರೆ ಜಾಸ್ತಿಯಾದರೆ ಹಾಗಾಗುತ್ತದೆ. ಆ ದ್ರಾಕ್ಷಿಯನ್ನು ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಕೊಂಡು, ಸಿಪ್ಪೆ ಬೀಜ ಉಗಿಯುತ್ತಾ ತಿನ್ನುವುದೇ ಅದಕ್ಕೆ ಸಲ್ಲುವ ಮರ್ಯಾದೆ. ನಮ್ಮ ಕಡೆಯ ಕೆಂಪು ವೈನುಗಳಲ್ಲಿ ಬಹಳಷ್ಟು ಎಳೆ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಹಿಡಿಯುತ್ತವೆ. ಅದನ್ನು ಮುಚ್ಚಲು ಮರದ ವಾಸನೆ ಹತ್ತಿಸಿ, ಬಡಗಿಯ ಅಂಗಡಿಯಲ್ಲಿ ಕೂತು ಜಾಮ್ ತಿಂದಂತೆ ಮಾಡಿರುತ್ತಾರೆ. ಹೊರದೇಶದ್ದೆಂದ ಮಾತ್ರಕ್ಕೆ ಮೇಲು ಎಂದೇನೂ ಇಲ್ಲ. ಚಿಲಿಯ ಒಂದು ಕೆಂಪು ವೈನ್ ಹಸಿ ದೊಣ್ಣೆಮೆಣಸಿನಕಾಯಿ ಸೀಳಿದ ಹಾಗಿತ್ತು. ಅದನ್ನು ಕುಡಿಯುವ ಬದಲು ಬಜ್ಜಿ ಮಾಡಬಹುದಿತ್ತು. ಇಟಲಿಯ ಅಗ್ಗದ ಬಾಟಲಿಗಳು ಹುಣಸೆಹಣ್ಣು ಕಿವುಚಿದ ಪಾತ್ರೆ ತೊಳೆದ ನೀರು. ಆಸ್ಟ್ರೇಲಿಯಾದ ಶಿರಾಜ್ ಮದುವೆ ಮನೆಗೆ ಕರೆಯದೆ ಬಂದ ನೆಂಟನ ಹಾಗೆ, ಬಾಗಿಲಲ್ಲೇ ಗಟ್ಟಿಯಾಗಿ ಮಾತಾಡಿ, ಒಳಗೆ ಬಂದ ಮೇಲೆ ಹೇಳಲು ಏನೂ ಇಲ್ಲದ್ದು. ನಾನು ಮನಸಾರೆ ಮೆಚ್ಚಿದ್ದು ಬೆರಳೆಣಿಕೆಯಷ್ಟು. ಜರ್ಮನಿಯ ಒಂದು ಬಿಳಿ ವೈನ್ ಮಾತ್ರ ಸೀಮೆಎಣ್ಣೆಯ ವಾಸನೆ ಬೀರುತ್ತಿತ್ತು, ಆದರೂ ನನಗೆ ಅದೆಂದರೆ ಪ್ರಾಣ.

“ನೀನು ಬೈಯೋಕೇ ಕುಡೀತೀಯ ಕಣೇ,” ಎಂದು ಮುರಳಿ ನಗುತ್ತಿದ್ದರು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವರಿಗೆ ಜ್ವರ ಬಂತು. ಊರಲ್ಲೆಲ್ಲ ಹರಡಿದ್ದ ಜ್ವರವೇ. ಮಲಗಿ, ಗಂಜಿ ಕುಡಿದು, ಎದ್ದು ಕೆಲಸಕ್ಕೆ ಹೋದರು. ಒಂದು ಭಾನುವಾರ ನಾನು ನಲ್ಲಿಯ ಸುತ್ತ ಕಟ್ಟಿದ್ದ ಬಿಳಿ ಕಿಟ್ಟ ತೆಗೆಯಲು ಒಂದು ಸ್ಟೀಲ್ ಲೋಟದಲ್ಲಿ ವಿನೆಗರ್ ಹಾಕಿಟ್ಟಿದ್ದೆ. ಪಕ್ಕದಲ್ಲಿ ಅವರಿಗೆಂದು ವೈನ್ ಹಾಕಿದ ಲೋಟ. ಅವರು ಬಂದವರೇ ವಿನೆಗರಿನ ಲೋಟ ಎತ್ತಿಕೊಂಡರು. ನಾನು ಬೇಡ ಎನ್ನುವಷ್ಟರಲ್ಲಿ ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ಉಸಿರೆಳೆದು, “ಶೆನಿನ್ ದ್ರಾಕ್ಷಿ ಅಲ್ವಾ? ಸೀಬೆಹಣ್ಣು, ಸ್ವಲ್ಪ ಜೇನು. ಚೆನ್ನಾಗಿದೆ,” ಎಂದರು.

ಅವರು ನನ್ನ ಮುಖ ನೋಡಿದರು, ಲೋಟ ನೋಡಿದರು, ಕೆಳಗಿಟ್ಟರು.

“ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ ಶೈಲಾ,” ಎಂದರು. “ಕಾಫಿ ಇಲ್ಲ, ಒಗ್ಗರಣೆ ಇಲ್ಲ. ನಿನ್ನ ತಲೆಯಲ್ಲಿ ಮಲ್ಲಿಗೆ ಇದ್ರೂ ನೋಡಿದ್ರೇನೇ ಗೊತ್ತಾಗೋದು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯ್ತಾ ಇದ್ದೆ.”

ಡಾಕ್ಟರ ಹತ್ತಿರ ಹೋದೆವು. ಮೂಗಿನ ನರ ಸೋತಿದೆ, ವಾಸನೆ ಮತ್ತೆ ಬರಲೂಬಹುದು, ಬಾರದೆಯೂ ಇರಬಹುದು. ದಿನಾ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ ಮೂಸಿ ಅಭ್ಯಾಸ ಮಾಡಿ ಎಂದರು. ಬೆಳಿಗ್ಗೆ ನಾನು ಪುಟ್ಟ ಬಟ್ಟಲುಗಳನ್ನು ಮುಂದಿಡುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೂತು ಒಂದೊಂದನ್ನೇ ಮೂಸುತ್ತಿದ್ದರು. “ಇದು ಏನು?” ಎಂದು ಕೇಳಿದರೆ, “ಗಾಳಿ,” ಎನ್ನುತ್ತಿದ್ದರು.

ಹೋಟೆಲಿನಲ್ಲಿ ಹೊಸ ರೆಸ್ಟೊರೆಂಟ್ ತೆರೆಯುವುದಿತ್ತು. ಅದರ ವೈನ್ ಪಟ್ಟಿಯನ್ನು ಮುರಳಿಯೇ ಮಾಡಬೇಕು. ವಿಷಯ ಹೊರಬಿದ್ದರೆ ಆ ಕುರ್ಚಿ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಸ್ಯಾಂಪಲ್ ಬಾಟಲಿಗಳೆಲ್ಲ ಮನೆಗೆ ಬರತೊಡಗಿದವು. ನಾನು ಮೂಸಿ, ಕುಡಿದು, ತೋಚಿದ್ದು ಹೇಳುತ್ತಿದ್ದೆ. ಅವರು ಅದನ್ನು ಹೋಟೆಲಿನ ಭಾಷೆಗೆ ತಿರುಗಿಸುತ್ತಿದ್ದರು. ನನ್ನ ಚಕ್ಕೋತದ ಸಿಪ್ಪೆ ಅವರ ಬಾಯಲ್ಲಿ ಗ್ರೇಪ್‌ಫ್ರೂಟ್ ಆಗುತ್ತಿತ್ತು. ಅಜ್ಜಿಯ ಸೀರೆ ಟ್ರಂಕು ಎಂದರೆ ಸೀಡರ್ ಮರ ಮತ್ತು ಹಳೆಯ ಚರ್ಮ. ಹೊಸ ಪಟ್ಟಿಯಲ್ಲಿ ನಾನು ಬೇಡವೆಂದ ಒಂದು ಬಾಟಲಿಯೂ ಇರಲಿಲ್ಲ. ಅಷ್ಟು ಒಳ್ಳೆಯ ಪಟ್ಟಿ ಆ ಹೋಟೆಲಿಗೆ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಮನೆಯೊಳಗಿನ ಕೆಲಸ ಸುಲಭ. ಕಷ್ಟ ಇದ್ದದ್ದು ಕೀರ್ತಿರಾಜ್ ಅವರ ಭಾನುವಾರಗಳಲ್ಲಿ.

ಕೀರ್ತಿರಾಜ್ ದೇವನಹಳ್ಳಿಯ ಸುತ್ತ ಜಮೀನು ಕೊಂಡು, ಸೈಟು ಮಾಡಿ ಮಾರಿ ಮೇಲೆ ಬಂದವರು. ತಮ್ಮದೇ ಬಡಾವಣೆಯ ದೊಡ್ಡ ಮನೆಯಲ್ಲಿ ತಿಂಗಳಿಗೆರಡು ಸಲ ವೈನ್ ಸವಿಯುವ ಕೂಟ ನಡೆಸುತ್ತಿದ್ದರು. ಆ ವರ್ಷ ತಾವೇ ಹೊರದೇಶದ ವೈನ್ ತರಿಸಿ ಮಾರಲು ಶುರುಮಾಡಿದ್ದರಿಂದ ಮುರಳಿ ಅವರಿಗೆ ಬೇಕಾದ ಮನುಷ್ಯ. ಕರೆದಾಗ ಹೋಗದಿದ್ದರೆ ಅನುಮಾನ, ಹೋದರೆ ಅಪಾಯ. ನಾನು ಪಕ್ಕದಲ್ಲೇ ಕೂರುವುದೆಂದಾಯಿತು.

ಅಂಥ ಕೂಟವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಎಲ್ಲರೂ ಮೊದಲು ಲೇಬಲ್ ಓದುತ್ತಿದ್ದರು, ಆಮೇಲೆ ಬೆಲೆ ಕೇಳುತ್ತಿದ್ದರು, ಆಮೇಲೆ ಲೋಟವನ್ನು ಗರಗರ ತಿರುಗಿಸುತ್ತಿದ್ದರು, ಎಲ್ಲಕ್ಕಿಂತ ಕೊನೆಗೆ ಮೂಗು. ತಿರುಗಿಸುವುದರಲ್ಲಿ ಮಾತ್ರ ಎಲ್ಲರೂ ಪಂಡಿತರು. ಅವರ ಅಂಗಿಗಳೇ ಅದಕ್ಕೆ ಸಾಕ್ಷಿ. ಚರ್ಮರೋಗದ ಡಾಕ್ಟರೊಬ್ಬರು ಪ್ರತಿ ವೈನಿಗೂ ‘ಮಿನರಲ್’ ಎನ್ನುತ್ತಿದ್ದರು. ಬಿಳಿಯದಕ್ಕೂ ಮಿನರಲ್, ಕೆಂಪಿಗೂ ಮಿನರಲ್, ಒಮ್ಮೆ ಕುಡಿಯುವ ನೀರಿಗೂ ಅಂದರು. ಅದೊಂದು ಸಲ ಮಾತ್ರ ಸರಿಯಾಗಿತ್ತು. ಕೀರ್ತಿರಾಜ್ ತಮ್ಮಷ್ಟಕ್ಕೆ ಏನನ್ನೂ ಹೇಳುತ್ತಿರಲಿಲ್ಲ. ಮುರಳಿ ಹೇಳುವವರೆಗೆ ಕಾದು, ಅದನ್ನೇ ಸ್ವಲ್ಪ ಹೊತ್ತಿನ ಮೇಲೆ ಇನ್ನೂ ಜೋರಾಗಿ ಹೇಳುತ್ತಿದ್ದರು.

ನಾನು ಲೋಟದ ಅಂಚಿನ ಹಿಂದಿನಿಂದ ಮೆಲ್ಲಗೆ, “ನೇರಳೆಹಣ್ಣು, ಸುಟ್ಟ ಮಣ್ಣು,” ಎನ್ನುತ್ತಿದ್ದೆ. ಮುರಳಿ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಡಾರ್ಕ್ ಬೆರ್ರಿ, ಅರ್ಥಿ ಫಿನಿಶ್ ಎನ್ನುತ್ತಿದ್ದರು. ಕೀರ್ತಿರಾಜ್ ಮೇಜು ತಟ್ಟಿ, “ನೋಡ್ರೀ, ಮೂಗು ಅಂದ್ರೆ ಇದು! ಮುರಳಿ ಸಾರ್ ಮೂಗಿಗೆ ಇನ್ಶೂರೆನ್ಸ್ ಮಾಡಿಸ್ಬೇಕು!” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಮುರಳಿಯ ಕಡೆ ನೋಡುತ್ತಿರಲಿಲ್ಲ.

ಮಾರ್ಚಿನಲ್ಲಿ ಕೂಟದವರೆಲ್ಲ ನಂದಿ ಬೆಟ್ಟದ ಬುಡದ ಒಂದು ಸಣ್ಣ ದ್ರಾಕ್ಷಿತೋಟಕ್ಕೆ ಹೋದೆವು. ಕೊಯ್ಲು ಮುಗಿಯುತ್ತಾ ಬಂದಿತ್ತು. ಚಪ್ಪರದ ಕೆಳಗೆ ಬಿಸಿಲು ಚುಕ್ಕಿಚುಕ್ಕಿಯಾಗಿ ಬಿದ್ದಿತ್ತು, ಜೇನುಹುಳ ಎಲ್ಲೆಲ್ಲೂ. ತೋಟದವರು ಸ್ಟೀಲ್ ತೊಟ್ಟಿಯ ನಲ್ಲಿಯಿಂದ ನೇರವಾಗಿ ಬಿಳಿ ವೈನ್ ಹಿಡಿದು ಕೊಟ್ಟರು. ಇನ್ನೂ ಸೋಸಿರಲಿಲ್ಲ, ಮಬ್ಬಾಗಿತ್ತು. ಕೂಟದವರಿಗೆ ಆ ಮಬ್ಬು ಹಿಡಿಸಲಿಲ್ಲ. ಬಾಟಲಿ ಇಲ್ಲ, ಲೇಬಲ್ ಇಲ್ಲ, ಏನೆಂದು ಹೊಗಳುವುದು? ಒಬ್ಬರು ಗಿಡದ ಬುಡಕ್ಕೆ ಚೆಲ್ಲಿದರು.

ನಾನು ಮೂಗಿನ ಹತ್ತಿರ ಹಿಡಿದೆ. ದೇವನಹಳ್ಳಿ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಆಗ ತಾನೇ ಗೀರಿದ ವಾಸನೆ; ಅದರ ಹಿಂದೆಯೇ ಹಸಿ ಶುಂಠಿ, ತೊಳೆದ ಕಲ್ಲು. ನಮ್ಮ ಸೀಮೆಯಲ್ಲಿ ಇಷ್ಟು ಒಳ್ಳೆಯದು ಆಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಬೈಯಲು ಒಂದು ಮಾತೂ ಸಿಗಲಿಲ್ಲ. ಸಂತೋಷದಲ್ಲಿ ಮರೆತು ಮುರಳಿಯ ತೋಳು ಹಿಡಿದು, “ರೀ, ಮೂಸಿ ನೋಡ್ರೀ ಇದನ್ನ!” ಎಂದುಬಿಟ್ಟೆ.

ಅವರು ಲೋಟ ತೆಗೆದುಕೊಂಡು ಮೂಸಿದರು. ಮುಖದಲ್ಲಿ ನಗು ಹಾಗೇ ಇತ್ತು. “ಹೇಗಿದೆ ಹೇಳು,” ಎಂದರು. ನಾನು ಹೇಳಿದೆ. ಅವರು ಒಂದೊಂದು ಮಾತಿಗೂ ತಲೆಯಾಡಿಸಿದರು. ಅವರೇ ಕಲಿಸಿದ ವಿದ್ಯೆಯನ್ನು ಅವರಿಗೇ ಪರದೇಶದ ಸುದ್ದಿಯ ಹಾಗೆ ಓದಿ ಹೇಳುತ್ತಿದ್ದೇನೆ ಅನ್ನಿಸಿತು. ಆ ದಿನದಿಂದ ಆ ಕೂಟದ ಮೇಲೆ ನನಗಿದ್ದ ತಾತ್ಸಾರ ಸಿಟ್ಟಾಗಿ ತಿರುಗಿತು. ಮೂಗಿದ್ದೂ ಚೆಲ್ಲುವವರ ನಡುವೆ ಮೂಗಿಲ್ಲದ ಈ ಮನುಷ್ಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಏಪ್ರಿಲ್‌ನಲ್ಲಿ ಕೀರ್ತಿರಾಜ್ ದೊಡ್ಡ ಊಟ ಇಟ್ಟುಕೊಂಡರು. ಅವರು ತರಿಸಿದ ವೈನುಗಳನ್ನು ಹೋಟೆಲಿನ ಪಟ್ಟಿಗೆ ಸೇರಿಸಬೇಕೆಂಬುದು ಊಟದ ಉದ್ದೇಶ. ಅದಕ್ಕೇ ಮುರಳಿಯ ಜನರಲ್ ಮ್ಯಾನೇಜರ್ ಅವರನ್ನೂ ಕರೆದಿದ್ದರು. ಹೊರಗೆ ಹುಲ್ಲುಹಾಸಿನ ಮೇಲೆ ಬಿಳಿ ಬಟ್ಟೆಯ ಚಪ್ಪರ, ಅದರೊಳಗೆ ದೊಡ್ಡ ದೊಡ್ಡ ಕೂಲರುಗಳು. ಒಂದು ಕಡೆ ಮಟನ್ ಬಿರಿಯಾನಿ, ಇನ್ನೊಂದು ಕಡೆ ಬಿಸಿಲಿಗೆ ಬೆವರುತ್ತಿದ್ದ ಚೀಸು.

ನಾವು ಹೋದ ಕೂಡಲೇ ಕೀರ್ತಿರಾಜ್ ಕೈ ಬೀಸಿ, “ಲೇಡೀಸ್ ಎಲ್ಲಾ ಆ ಕಡೆ ಟೇಬಲ್. ಇಲ್ಲಿ ಬಿಸಿನೆಸ್ ಮಾತು ಇರುತ್ತೆ ಮೇಡಂ, ಬೋರ್ ಆಗುತ್ತೆ ನಿಮಗೆ,” ಎಂದರು. ನಾನು ಮುರಳಿಯನ್ನು ನೋಡಿದೆ. ಅವರು ಹೋಗು ಎಂಬಂತೆ ಕಣ್ಣಲ್ಲೇ ಹೇಳಿದರು. ಎರಡು ಮೇಜುಗಳ ನಡುವೆ ಅಷ್ಟೇನೂ ದೂರವಿರಲಿಲ್ಲ. ಆದರೆ ಪಿಸುಮಾತು ಮುಟ್ಟುವಷ್ಟು ಹತ್ತಿರವೂ ಅಲ್ಲ.

ಬಿರಿಯಾನಿಯ ನಂತರ ಕೀರ್ತಿರಾಜ್ ಒಳಗಿನಿಂದ ಒಂದು ಬಾಟಲಿಯನ್ನು ಎಳೆಗೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ತಂದರು. ಫ್ರಾನ್ಸಿನದು, ಹಳೆಯದು. ಲೇಬಲ್ ಕಾಣಿಸಿದೊಡನೆ ಎಲ್ಲರೂ ಧ್ವನಿ ತಗ್ಗಿಸಿದರು. ಬಿರಡೆ ತೆಗೆದು ಮೊದಲು ಮುರಳಿಯ ಲೋಟಕ್ಕೆ ಹಾಕಿದರು.

ಮುರಳಿ ಲೇಬಲ್ ಓದಿದರು. ಆ ಊರಿನ ವೈನುಗಳನ್ನು ಅವರು ಹಿಂದೆ ಎಷ್ಟೋ ಕುಡಿದಿದ್ದರು. ಲೋಟವನ್ನು ಮೂಗಿಗೆ ಹಿಡಿದು, ನೆನಪಿನಿಂದಲೇ ಹೇಳತೊಡಗಿದರು: ಒಣಗಿದ ಗುಲಾಬಿ, ಮಳೆ ನಿಂತ ಮೇಲಿನ ಕಾಡು, ತಂಬಾಕಿನ ಎಲೆ. ಅಷ್ಟು ಚಂದ ಅವರು ಮಾತಾಡಿದ್ದು ನಾನು ಎಂದೂ ಕೇಳಿರಲಿಲ್ಲ. ತಾವು ಕಳೆದುಕೊಂಡದ್ದನ್ನೆಲ್ಲ ಒಂದೊಂದಾಗಿ ಹೆಸರಿಸುತ್ತಿದ್ದಾರೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಜನರಲ್ ಮ್ಯಾನೇಜರ್ ಕಣ್ಣು ಮುಚ್ಚಿ, ಗುಲಾಬಿ ಸಿಕ್ಕಿತು ಎಂದರು. ಡಾಕ್ಟರಿಗೆ ಕಾಡು ಸಿಕ್ಕಿತು, ಜೊತೆಗೆ ಮಿನರಲ್ಲೂ. ಕೀರ್ತಿರಾಜ್ ಎದೆಯ ಮೇಲೆ ಕೈಯಿಟ್ಟುಕೊಂಡು, “ಸಾರ್, ತಂಬಾಕು ಅಂದ್ರಲ್ಲ, ಗಂಟಲಲ್ಲಿ ಇಳೀತಾ ಇದೆ,” ಎಂದರು.

ಬಾಟಲಿ ನಮ್ಮ ಮೇಜಿಗೂ ಬಂತು. ಲೋಟವನ್ನು ಮೇಲೆತ್ತುವ ಮೊದಲೇ ನನಗೆ ಬಡಿಯಿತು. ಒದ್ದೆ ರಟ್ಟು; ಬೂಷ್ಟು ಹಿಡಿದ ಗೋಣಿಚೀಲ. ಬಿರಡೆ ಕೆಟ್ಟರೆ ವೈನಿಗೆ ಬರುವ ವಾಸನೆ ಅದು. ಪಾಠದಲ್ಲೂ ಓದಿದ್ದೆ, ಹಿಂದೆ ಮುರಳಿಯೇ ಮೂಸಿಸಿ ತೋರಿಸಿದ್ದರು. ಇದರಲ್ಲಿ ಅದು ಎಷ್ಟು ಗಾಢವಾಗಿತ್ತೆಂದರೆ, ಪಕ್ಕದಲ್ಲಿದ್ದ ಹೆಂಗಸು ಲೋಟವನ್ನು ಮೆಲ್ಲಗೆ ದೂರ ಸರಿಸಿ, ಯಾರೂ ನೋಡಲಿಲ್ಲವೆಂದು ಖಾತ್ರಿಯಾದ ಮೇಲೆ, “ವಂಡರ್‌ಫುಲ್,” ಎಂದರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. “ಈ ಬಾಟಲಿ ಕೆಟ್ಟಿದೆ,” ಎಂದೆ. ಎರಡೂ ಮೇಜಿಗೆ ಕೇಳಿಸಿತು.

ಕೀರ್ತಿರಾಜ್ ನಗುತ್ತಲೇ ತಿರುಗಿದರು. “ಏನಂದ್ರಿ ಮೇಡಂ?”

“ಕೆಟ್ಟಿದೆ. ಬಿರಡೆ ಹಾಳಾಗಿದೆ. ನೆಂದ ರಟ್ಟಿನ ವಾಸನೆ ಬರ್ತಿದೆ. ಚೆಲ್ಲಿ ಬೇರೆ ತೆಗೀರಿ.”

“ಮೇಡಂ, ಇದು ದೊಡ್ಡಬಳ್ಳಾಪುರದ ಗೋಲಿ ಸೋಡಾ ಅಲ್ಲ. ಇದಕ್ಕೆಲ್ಲ ಸ್ವಲ್ಪ ಅಭ್ಯಾಸ ಬೇಕು. ನಿಮ್ಮ ಯಜಮಾನ್ರೇ ಹೇಳಿದಾರೆ ರೋಸ್ ಅಂತ. ಕೇಳಿ ಅವರನ್ನೇ.”

ಎಲ್ಲರೂ ಮುರಳಿಯ ಕಡೆ ತಿರುಗಿದರು. ಒಬ್ಬೊಬ್ಬರ ಮೂಗು ಒಂದೊಂದು ಥರ ಎಂದು ಮುರಳಿ ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಅಂದಿದ್ದರೆ ನಾನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವರು ಲೋಟ ಕೆಳಗಿಟ್ಟರು.

“ಅವಳು ಹೇಳಿದ್ದೇ ಸರಿ,” ಎಂದರು. “ನನಗೆ ವಾಸನೆ ಬರಲ್ಲ. ಸಂಕ್ರಾಂತಿಗೆ ಜ್ವರ ಬಂತಲ್ಲ, ಆವಾಗಿಂದ ಇಲ್ಲ. ಇಷ್ಟು ದಿನ ನಾನು ಹೇಳಿದ್ದೆಲ್ಲ ಅವಳು ಹೇಳಿದ್ದು. ಇವತ್ತು ಅವಳು ಪಕ್ಕದಲ್ಲಿ ಇರ್ಲಿಲ್ಲ, ಅದಕ್ಕೇ ತಪ್ಪಾಯ್ತು.”

ಒಂದು ಕೆಲಸ, ಒಂದು ಹೆಸರು, ಇಷ್ಟು ವರ್ಷ ಕಟ್ಟಿದ್ದು ಎಲ್ಲ ಆ ಬಿಸಿಲಲ್ಲಿ ಬಿದ್ದಿದೆ ಅನ್ನಿಸಿತು.

ಆಮೇಲೆ ಕೀರ್ತಿರಾಜ್ ಚಪ್ಪಾಳೆ ತಟ್ಟಿದರು.

“ಗಂಡ ಅಂದ್ರೆ ಹಿಂಗಿರ್ಬೇಕು ಗುರು! ಹೆಂಡ್ತಿ ಮಾತು ಬೀಳಬಾರ್ದು ಅಂತ ತನ್ನ ಮೂಗೇ ಇಲ್ಲ ಅಂದ್ಬಿಟ್ರಲ್ಲ!”

ಎಲ್ಲರೂ ಹೋ ಎಂದು ನಕ್ಕು ಚಪ್ಪಾಳೆ ಹೊಡೆದರು. ಹೆಂಗಸರು ತಮ್ಮ ಗಂಡಂದಿರ ಕಡೆ ತಿರುಗಿ, ಕಲೀರಿ ಎಂದರು. ಜನರಲ್ ಮ್ಯಾನೇಜರ್ ಮುರಳಿಯ ಬೆನ್ನು ತಟ್ಟಿದರು. ಮುರಳಿ, “ಇಲ್ಲ ಸಾರ್, ನಿಜ,” ಎಂದು ಮತ್ತೆ ಹೇಳಿದರು, ಮತ್ತೂ ಹೇಳಿದರು. ಹೇಳಿದಷ್ಟೂ ನಗು ಏರಿತು. ಆ ಬಾಟಲಿಯನ್ನು ಅವರೆಲ್ಲ ಕೊನೆಯ ಹನಿಯವರೆಗೆ ಕುಡಿದರು. ಗುಲಾಬಿ ಇನ್ನೂ ಅರಳುತ್ತಿದೆ ಎಂದು ಒಬ್ಬರು ಹೇಳಿದ್ದು ನಾವು ಎದ್ದು ಬರುವಾಗ ಕೇಳಿಸಿತು.

ಕಾರನ್ನು ನಾನು ಓಡಿಸಿದೆ. ದೇವನಹಳ್ಳಿ ದಾಟಿದೆವು.

“ನಂಬ್ಲೇ ಇಲ್ಲ ಅಲ್ವಾ?” ಎಂದರು ಮುರಳಿ.

“ಆ ದಡ್ಡರಿಗೆ ನಿಜ ಯಾಕ್ರೀ ಹೇಳಕ್ಕೆ ಹೋದ್ರಿ?”

“ಅವರಿಗಲ್ಲ ಹೇಳಿದ್ದು,” ಎಂದು ಕಿಟಕಿಯ ಕಡೆ ತಿರುಗಿಕೊಂಡರು. “ನಿನಗೆ ಗೋಲಿ ಸೋಡಾ ಅಂದಾಗ ಸುಮ್ಮನಿರಕ್ಕಾಗಲಿಲ್ಲ.”

ಮಾರನೆಯ ದಿನ ಹೋಟೆಲಿನಲ್ಲಿ ಮುರಳಿ ಜನರಲ್ ಮ್ಯಾನೇಜರ್ ಮುಂದೆ ಡಾಕ್ಟರ ಚೀಟಿ ಇಟ್ಟರು. ಅವರು ಅದನ್ನು ಓದಿ, ಕನ್ನಡಕ ತೆಗೆದು, “ಸುಮ್ಮನೆ ಇದ್ದಿದ್ರೆ ಯಾರಿಗ್ರೀ ಗೊತ್ತಾಗ್ತಿತ್ತು?” ಎಂದರಂತೆ. ಗುಲಾಬಿ ಸಿಕ್ಕಿದ ಮನುಷ್ಯನಿಂದ ಬೇರೆ ಮಾತನ್ನು ನಾನು ನಿರೀಕ್ಷಿಸಿರಲೂ ಇಲ್ಲ. ಮುರಳಿಯನ್ನು ಮದುವೆ, ಕಾನ್ಫರೆನ್ಸುಗಳ ಊಟ ನೋಡಿಕೊಳ್ಳುವ ವಿಭಾಗಕ್ಕೆ ಹಾಕಿದರು. ಅವರ ಜಾಗಕ್ಕೆ ಬಂದವರು ಕೀರ್ತಿರಾಜ್ ಅವರ ವೈನುಗಳನ್ನೆಲ್ಲ ಪಟ್ಟಿಗೆ ಸೇರಿಸಿ, ನಾನು ಆರಿಸಿದ್ದ ಜರ್ಮನಿಯದನ್ನು ತೆಗೆದುಹಾಕಿದರು. ಗಿರಾಕಿಗಳಿಂದ ಒಂದು ದೂರೂ ಬರಲಿಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ.

ಸ್ಯಾಂಪಲ್ ಬಾಟಲಿಗಳು ನಿಂತವು, ಕೂಟದ ಕರೆಗಳೂ ನಿಂತವು. ಬೆಳಗಿನ ಲವಂಗ, ನಿಂಬೆಸಿಪ್ಪೆ ಮಾತ್ರ ನಡೆದೇ ಇತ್ತು. ಕೆಲವು ದಿನ ಮುರಳಿ ಬಟ್ಟಲುಗಳ ಮುಂದೆ ಕೂರಲು ಒಪ್ಪುತ್ತಿರಲಿಲ್ಲ. ಇದೇನು ದೇವರ ಪೂಜೆಯಾ ಎಂದು ಸಿಡುಕುತ್ತಿದ್ದರು. ಊಟದಲ್ಲಿ ಉಪ್ಪು ಹುಳಿ ಖಾರ ಬಿಟ್ಟು ಏನೂ ತಿಳಿಯದೆ ಅರ್ಧಕ್ಕೇ ಎದ್ದುಹೋಗುತ್ತಿದ್ದರು. ನಾನು ಮರುದಿನ ಬೆಳಿಗ್ಗೆ ಮತ್ತೆ ಬಟ್ಟಲು ಇಡುತ್ತಿದ್ದೆ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ, ಒಂದು ಮಧ್ಯಾಹ್ನ ಅವರನ್ನು ಹೋಟೆಲಿನಿಂದ ಕರೆದುಕೊಂಡು ದೊಡ್ಡಬಳ್ಳಾಪುರಕ್ಕೆ ವಾಪಸ್ ಬರುತ್ತಿದ್ದೆ. ನಮ್ಮ ಮುಂದೆ ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ದ್ರಾಕ್ಷಿತೋಟಗಳಿಗೆ ಹಾಕುವ ಕೋಳಿಗೊಬ್ಬರ ಅದರ ತುಂಬ ಹೇರಿದ್ದರು. ಮಳೆಗೆ ನೆನೆದು ಕೊಳೆತು, ಕಣ್ಣಲ್ಲಿ ನೀರು ಬರಿಸುವಂಥ ನಾತ. ನಾನು ಸೆರಗನ್ನು ಮೂಗಿಗೊತ್ತಿಕೊಂಡು, ಹಾರ್ನ್ ಮಾಡುತ್ತಾ, ಮುಂದೆ ಹೋಗಲು ಜಾಗ ಹುಡುಕುತ್ತಿದ್ದೆ. ಎದುರಿನ ರಸ್ತೆ ಖಾಲಿಯಾಯಿತು. ಗೇರ್ ಬದಲಿಸಿದೆ.

“ಓವರ್‌ಟೇಕ್ ಮಾಡಬೇಡ,” ಎಂದರು ಮುರಳಿ.

ನಾನು ಅವರ ಕಡೆ ನೋಡಿದೆ. ಅವರು ಮುಂದಕ್ಕೆ ಬಾಗಿ ಕೂತಿದ್ದರು. ಮೂಗಿನ ಹೊಳ್ಳೆ ಅರಳಿತ್ತು, ಮುಖ ಕಿವುಚಿಕೊಂಡಿತ್ತು.

“ಎಂಥ ದರಿದ್ರ ನಾತ ಕಣೇ ಇದು,” ಎಂದರು. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.

ನಾನು ಸೆರಗು ಬಿಟ್ಟು ಗಾಡಿ ನಿಧಾನ ಮಾಡಿದೆ. ಹಿಂದಿನ ವಾಹನಗಳು ಹಾರ್ನ್ ಹೊಡೆದು, ಬೈದು, ನಮ್ಮನ್ನು ದಾಟಿ ಹೋದವು. ಟ್ರ್ಯಾಕ್ಟರ್ ತೋಟದ ದಾರಿಗೆ ತಿರುಗುವವರೆಗೂ ನಾವು ಅದರ ಹಿಂದೆಯೇ ಹೋದೆವು.